ಅರ್ಧ ಗಂಟೆಯ ಮುಯ್ಯಾಳು

“ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.” ನಾನು ದಿನಕ್ಕೆ ಹತ್ತು ಹದಿನೈದು ಸಲವಾದರೂ ಆಡುವ ಮಾತು ಇದು. ರಕ್ತದ ಒತ್ತಡದವರಿಗೆ, ಸಕ್ಕರೆ ಕಾಯಿಲೆಯವರಿಗೆ, ನಿದ್ದೆ ಬಾರದವರಿಗೆ, ಬೊಜ್ಜು ಬಂದವರಿಗೆ, ಎಲ್ಲರಿಗೂ ಇದೇ ಸಲಹೆ. ಕಾಸು ಖರ್ಚಿಲ್ಲದ ಮದ್ದು ಎಂದು ಹೇಳಿ ಚೀಟಿಯ ಕೊನೆಯ ಸಾಲಿನಲ್ಲಿ ಬರೆದೂ ಕೊಡುತ್ತೇನೆ. ಈ ಮದ್ದಿಗೂ ಒಂದು ಬೆಲೆ ಇದೆ, ಅದನ್ನು ತೆರಲಾರದವರು ನಮ್ಮ ನಡುವೆಯೇ ಇದ್ದಾರೆ ಎಂಬುದನ್ನು ನನಗೆ ಕಲಿಸಿದವರು ಶಿಕಾರಿಪುರ ತಾಲ್ಲೂಕಿನ ಒಬ್ಬ ತಾಯಿ.

ಆಕೆಗೆ ಮೂವತ್ತಾರು ವರ್ಷ. ತಲೆನೋವು, ಸೊಂಟನೋವು ಎಂದು ಬಂದಿದ್ದರು. ರಕ್ತದ ಒತ್ತಡ 150/100 ಇತ್ತು. ಮೂರು ವರ್ಷದಲ್ಲಿ ತೂಕ ಹನ್ನೊಂದು ಕಿಲೋ ಏರಿತ್ತು. ಗುಳಿಗೆ ಬರೆದು, ಊಟದಲ್ಲಿ ಉಪ್ಪು ಕಡಿಮೆ ಮಾಡಿ ಎಂದು ಹೇಳಿ, ಎಂದಿನಂತೆ ನಡಿಗೆಯ ಸಲಹೆ ಕೊಟ್ಟೆ. ಎರಡನೆಯ ಸಲ ಬಂದಾಗಲೂ ಅದನ್ನೇ ಹೇಳಿದೆ. ಮೂರನೆಯ ಸಲ ಸ್ವಲ್ಪ ಗದರಿಯೇ ಹೇಳಿದೆ: “ನಿಮ್ಮ ಆರೋಗ್ಯದ ಮೇಲೆ ನಿಮಗೇ ಅಕ್ಕರೆ ಇಲ್ಲದಿದ್ದರೆ ನಾನೇನು ಮಾಡಲಿ ತಾಯೀ?” ಆಕೆ ತಲೆ ತಗ್ಗಿಸಿ, “ನಾ ವಾಕಿಂಗ್ ಹೋದ್ರೆ ಮಗನ್ನ ಯಾರು ಹಿಡ್ಕೊಂತಾರೆ ಡಾಕ್ಟ್ರೇ?” ಎಂದರು.

ಅವರ ಒಂಬತ್ತು ವರ್ಷದ ಮಗನಿಗೆ ಸ್ವಲೀನತೆ, ಅಂದರೆ ಆಟಿಸಂ ಇದೆ. ಆ ಹೊತ್ತಿನಲ್ಲೂ ಅವನ ರಟ್ಟೆ ಆಕೆಯ ಎಡಗೈಯಲ್ಲೇ ಇತ್ತು. ಹಿಂದಿನ ಎರಡು ಸಲವೂ ಅವನು ಹಾಗೆಯೇ ಪಕ್ಕದಲ್ಲಿದ್ದ. ನಾನು ಆಕೆಯ ಬಲಗೈಗೆ ಪಟ್ಟಿ ಸುತ್ತಿ ಒತ್ತಡ ನೋಡಿದ್ದೆ. ಎಡಗೈಯನ್ನು ನೋಡಿರಲಿಲ್ಲ.

ಈ ವಾರದ ಲೇಖನ ಇಂಥ ತಂದೆತಾಯಿಗಳ ಬಗ್ಗೆ. ನಿಮ್ಮ ಮನೆಯಲ್ಲಿ ಇಂಥ ಮಗು ಇಲ್ಲದಿದ್ದರೂ ದಯವಿಟ್ಟು ಓದಿ. ಇದರಲ್ಲಿ ಹೆಚ್ಚಿನ ಪಾಲು ನಿಮಗೇ ಹೇಳಬೇಕಾದದ್ದು.

ಸ್ವಲೀನತೆ ಎಂದರೇನು?

1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು ಹನ್ನೊಂದು ಮಕ್ಕಳನ್ನು ಪರೀಕ್ಷಿಸಿ ಇದನ್ನು ವಿವರವಾಗಿ ದಾಖಲಿಸಿದರು. ಇದು ಮಿದುಳಿನ ಬೆಳವಣಿಗೆಯಲ್ಲಿನ ವ್ಯತ್ಯಾಸ. ಇಂಥ ಮಗು ಕಣ್ಣಿಗೆ ಕಣ್ಣು ಕೊಟ್ಟು ನೋಡುವುದು ಕಡಿಮೆ. ಹೆಸರು ಹಿಡಿದು ಕರೆದರೆ ತಿರುಗದಿರಬಹುದು. ಮಾತು ತಡವಾಗಬಹುದು, ಬಾರದೆಯೂ ಇರಬಹುದು. ಒಂದೇ ಆಟ, ಒಂದೇ ದಾರಿ, ಒಂದೇ ತಟ್ಟೆ ಬೇಕು ಎಂಬ ಹಟ ಇರುತ್ತದೆ. ಮಿಕ್ಸಿಯ ಸದ್ದು, ಜಾತ್ರೆಯ ಗದ್ದಲ ಅದಕ್ಕೆ ಸಹಿಸಲಾಗದ ಹಿಂಸೆಯಾಗಬಹುದು. ಎಲ್ಲ ಮಕ್ಕಳಲ್ಲೂ ಒಂದೇ ರೀತಿ ಇರುವುದಿಲ್ಲ. ಕೆಲವರು ಚೆನ್ನಾಗಿ ಓದಿ ಕೆಲಸಕ್ಕೂ ಸೇರುತ್ತಾರೆ. ಕೆಲವರಿಗೆ ಜೀವನಪೂರ್ತಿ ಆಸರೆ ಬೇಕು.

ತಾಯಿ ಪ್ರೀತಿ ತೋರಿಸದ ಕಾರಣಕ್ಕೆ ಮಗು ಹೀಗಾಗುತ್ತದೆ ಎಂದು 1950 ಮತ್ತು 60ರ ದಶಕಗಳಲ್ಲಿ ದೊಡ್ಡ ದೊಡ್ಡ ಪಂಡಿತರೇ ನಂಬಿದ್ದರು. ಅದು ಶುದ್ಧ ತಪ್ಪು ಎಂದು 1964ರಲ್ಲಿ ಪುಸ್ತಕ ಬರೆದು ವಾದಿಸಿದ ಬರ್ನಾರ್ಡ್ ರಿಮ್ಲೆಂಡ್ ಸ್ವತಃ ಇಂಥ ಮಗುವಿನ ತಂದೆ. ವಿಜ್ಞಾನ ಆ ಆರೋಪವನ್ನು ಕೈಬಿಟ್ಟು ಬಹಳ ಕಾಲವಾಯಿತು. ನಮ್ಮ ಕಡೆಯ ಮನೆಗಳಲ್ಲಿ ಮಾತ್ರ ಅದು ಇನ್ನೂ ಬೇರೆ ಬೇರೆ ರೂಪದಲ್ಲಿ ಉಳಿದಿದೆ. “ಬಸುರಿಯಿದ್ದಾಗ ಗ್ರಹಣ ನೋಡಿದ್ಲು”, “ಮೊಬೈಲ್ ಕೊಟ್ಟು ಕೆಡಿಸಿದ್ಲು” ಎಂಬ ಮಾತುಗಳನ್ನು ನಾನೇ ಕೇಳಿದ್ದೇನೆ. ಈ ಮಾತು ಕೇಳಿ ಕೇಳಿ ಆ ತಾಯಿಗೆ ತಾನು ಮಗುವನ್ನು ಬಿಟ್ಟು ಒಂದು ಗಳಿಗೆ ಆಚೆ ಹೋದರೂ ತಪ್ಪು ಮಾಡಿದಂತೆ ಅನ್ನಿಸುತ್ತದೆ. ನಡಿಗೆಗೆ ಇರುವ ಮೊದಲ ಅಡ್ಡಿ ಇದು.

ಕಣ್ಣು ತೆಗೆಯಲಾಗದ ಕೆಲಸ

ಎರಡನೆಯ ಅಡ್ಡಿ ಮನಸ್ಸಿನದಲ್ಲ, ನಿಜವಾದ ಅಪಾಯ. ಸ್ವಲೀನತೆ ಇರುವ ಅನೇಕ ಮಕ್ಕಳು ಹೇಳದೆ ಕೇಳದೆ ಮನೆಯಿಂದ ಹೊರಟುಬಿಡುತ್ತಾರೆ. ಅಮೆರಿಕದಲ್ಲಿ ಇಂಥ ಸುಮಾರು 1,200 ಮಕ್ಕಳ ಮನೆಯವರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಾಲ್ಕು ವರ್ಷ ತುಂಬಿದ ಮೇಲೆ ಒಮ್ಮೆಯಾದರೂ ಹೀಗೆ ಹೊರಟುಹೋದವರು ಹೆಚ್ಚುಕಡಿಮೆ ಅರ್ಧದಷ್ಟು. ಹೀಗೆ ಹೊರಟ ಮಕ್ಕಳನ್ನು ನೀರು ಬಹಳ ಸೆಳೆಯುತ್ತದೆ. ಅವರ ಸಾವಿಗೆ ಮುಖ್ಯ ಕಾರಣಗಳಲ್ಲಿ ನೀರಿಗೆ ಬೀಳುವುದೂ ಒಂದು.

ಈಗ ನಮ್ಮ ಊರುಗಳನ್ನು ನೆನೆಸಿಕೊಳ್ಳಿ. ಶಿಕಾರಿಪುರದಲ್ಲಿ ಪೇಟೆಗೆ ಅಂಟಿಕೊಂಡೇ ಹುಚ್ಚರಾಯನ ಕೆರೆ. ಆಚೆಗೆ ಕುಮುದ್ವತಿ ಹೊಳೆ, ಅಂಜನಾಪುರ ಜಲಾಶಯ, ಅದರ ನಾಲೆಗಳು. ಸೊರಬದಲ್ಲಿ ದಂಡಾವತಿ. ಇನ್ನು ಕೆರೆಗಳಿಗೆ ಸೊರಬ ಹೆಸರುವಾಸಿ. ಹಳ್ಳಿಗೊಂದು ಕೆರೆ, ತೋಟಕ್ಕೊಂದು ಕೃಷಿಹೊಂಡ, ಹಿತ್ತಿಲಿಗೊಂದು ಬಾವಿ. ಬೇರೆಯವರಿಗೆ ಇದು ಸಮೃದ್ಧಿ. ಆ ತಾಯಿಗೆ ಪ್ರತಿಯೊಂದೂ ಎದೆ ಝಲ್ಲೆನ್ನಿಸುವ ಜಾಗ. ಹಿಂಬಾಗಿಲ ಚಿಲಕ ಹಾಕಿದೆನೇ ಎಂದು ಆಕೆ ದಿನಕ್ಕೆ ಎಷ್ಟು ಸಲ ನೋಡುತ್ತಾಳೋ ಲೆಕ್ಕವಿಲ್ಲ. “ಅರ್ಧ ಗಂಟೆ ನಡೆದು ಬನ್ನಿ” ಎಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ!

ಮನೆಗೆಲಸವೇ ವ್ಯಾಯಾಮವಲ್ಲವೇ?

“ಬೆಳಗಿನಿಂದ ರಾತ್ರಿವರೆಗೆ ಮಗನ ಹಿಂದೆ ಓಡ್ತೀನಿ, ಇನ್ನೆಂಥ ವ್ಯಾಯಾಮ ಡಾಕ್ಟ್ರೇ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನೀರು ಹೊರುವುದು, ಅಂಗಳ ಗುಡಿಸುವುದು, ಬಟ್ಟೆ ಒಗೆಯುವುದು ಎಲ್ಲವೂ ದೇಹಶ್ರಮವೇ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ಮೊದಲಿನಷ್ಟು ಮನೆಗೆಲಸ ಈಗಿಲ್ಲ. ಕುಟ್ಟುವುದು, ಬೀಸುವುದು, ರುಬ್ಬುವುದು ಹೋಗಿದೆ. ನಲ್ಲಿ ಅಂಗಳಕ್ಕೆ ಬಂದಿದೆ. ಅಡಿಕೆ ಸುಲಿಯುವ ಕಾಲದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತರೆ ಸರಿರಾತ್ರಿಯವರೆಗೆ ಏಳುವುದಿಲ್ಲ. ಅದು ದುಡಿಮೆ ಹೌದು, ಹೃದಯಕ್ಕೆ ವ್ಯಾಯಾಮವಲ್ಲ. ಇನ್ನು ಮಗುವಿನ ಹಿಂದೆ ಓಡುವುದೆಂದರೆ ಎರಡು ನಿಮಿಷದ ಗಾಬರಿಯ ಓಟ, ನಂತರ ಅರ್ಧ ಗಂಟೆ ಬಾಗಿಲಲ್ಲಿ ಕಾವಲು. ಮೈ ದಣಿಯುತ್ತದೆ, ಆದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಬೇಕಾದ ಒಂದೇ ಹದದ ಚಲನೆ ಸಿಗುವುದಿಲ್ಲ.

ತಂದೆಯ ಪಾಡು ಇನ್ನೊಂದು ಬಗೆ. ಅಂಗಡಿಯಲ್ಲಿ, ಕಚೇರಿಯಲ್ಲಿ ಕೂತೇ ಇರುತ್ತಾನೆ. ಓಡಾಟಕ್ಕೆ ಬೈಕು. ದುಃಖ ಹೊರಗೆ ಹಾಕಲಾರದೆ ಗುಟ್ಕಾಕ್ಕೋ ಕುಡಿತಕ್ಕೋ ಬೀಳುವವರೂ ಇದ್ದಾರೆ.

2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ ಸಾಕಷ್ಟು ದೇಹಶ್ರಮ ಮಾಡುವುದಿಲ್ಲ. ಹೆಂಗಸರಲ್ಲಿ ಈ ಪ್ರಮಾಣ ನೂರಕ್ಕೆ 57, ಗಂಡಸರಲ್ಲಿ 42. ಯಾವ ಹೊರೆಯೂ ಇಲ್ಲದ ಮನೆಗಳನ್ನೂ ಸೇರಿಸಿದ ಲೆಕ್ಕ ಇದು. ಮಗುವಿನಿಂದ ಕಣ್ಣು ತೆಗೆಯಲಾಗದ ಮನೆಗಳ ಗತಿ ಹೇಗಿರಬಹುದು, ನೀವೇ ಊಹಿಸಿ.

ಒಳಗೆ ಏನಾಗುತ್ತದೆ?

ಸದಾ ಆತಂಕದಲ್ಲಿರುವ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸದೂತಗಳ ಏರಿಳಿತ ಹದ ತಪ್ಪುತ್ತದೆ. ರಕ್ತದ ಒತ್ತಡ, ಸಕ್ಕರೆ ಏರುತ್ತವೆ. ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ಇಂಥ ಮಕ್ಕಳಲ್ಲಿ ಅನೇಕರು ರಾತ್ರಿ ಸರಿಯಾಗಿ ನಿದ್ದೆ ಮಾಡುವುದಿಲ್ಲ. ಮಗು ಎದ್ದಿದ್ದರೆ ತಾಯಿಗೆಲ್ಲಿಯ ನಿದ್ದೆ? ನಿದ್ದೆಗೆಟ್ಟ ದೇಹ ಸಿಹಿಯನ್ನೂ ಎಣ್ಣೆತಿಂಡಿಯನ್ನೂ ಹೆಚ್ಚು ಬೇಡುತ್ತದೆ.

ನಮ್ಮ ಜೀವಕೋಶದ ವರ್ಣತಂತುಗಳ ತುದಿಯಲ್ಲಿ ಟೀಲೊಮಿಯರ್ ಎಂಬ ಭಾಗವಿದೆ. ಬೂಟಿನ ದಾರದ ತುದಿ ಬಿಚ್ಚಿಕೊಳ್ಳದಂತೆ ಪ್ಲಾಸ್ಟಿಕ್ ಸುತ್ತಿರುತ್ತಾರಲ್ಲ, ಹಾಗೆ. ವಯಸ್ಸಾದಂತೆ ಇದು ಸವೆಯುತ್ತದೆ. 2004ರಲ್ಲಿ ಎಲಿಸಾ ಎಪೆಲ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ತಂಡ ದೀರ್ಘ ಕಾಯಿಲೆಯ ಮಕ್ಕಳನ್ನು ಸಾಕುತ್ತಿದ್ದ ತಾಯಂದಿರನ್ನು ಪರೀಕ್ಷಿಸಿತು. ಹೆಚ್ಚು ವರ್ಷ ಆರೈಕೆ ಮಾಡಿದವರಲ್ಲಿ ಈ ತುದಿ ಹೆಚ್ಚು ಸವೆದಿತ್ತು. ಅತಿ ಹೆಚ್ಚು ಒತ್ತಡದಲ್ಲಿದ್ದ ಹೆಂಗಸರಿಗೂ ಅತಿ ಕಡಿಮೆ ಒತ್ತಡದವರಿಗೂ ಇದ್ದ ಅಂತರ ಸುಮಾರು ಹತ್ತು ವರ್ಷದ ಮುಪ್ಪಿಗೆ ಸಮವಾಗಿತ್ತು. ಟೀಲೊಮಿಯರ್ ಸಂಶೋಧನೆಗಾಗಿ ಬ್ಲ್ಯಾಕ್‌ಬರ್ನ್ ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ಬಂತು. ಎಪೆಲ್ ಅವರೂ ಇದ್ದ ತಂಡವೊಂದು 2010ರಲ್ಲಿ ಇನ್ನೊಂದು ವಿಷಯ ತಿಳಿಸಿತು. ನಿಯಮಿತವಾಗಿ ವ್ಯಾಯಾಮ ಮಾಡುವ ಹೆಂಗಸರಲ್ಲಿ ಒತ್ತಡಕ್ಕೂ ಈ ಸವೆತಕ್ಕೂ ನಂಟು ಕಾಣಲಿಲ್ಲ, ಮಾಡದವರಲ್ಲಿ ಕಂಡಿತು. ಎರಡೂ ಸಣ್ಣ ಅಧ್ಯಯನಗಳು, ಇವನ್ನೇ ಕೊನೆಯ ಮಾತೆನ್ನಲಾಗದು. ಆದರೆ ವ್ಯಾಯಾಮದಿಂದ ಒತ್ತಡ, ಸಕ್ಕರೆ, ನಿದ್ದೆ, ಮನಸ್ಸಿನ ಬೇಸರ ಸುಧಾರಿಸುವುದಕ್ಕೆ ಬೇರೆ ಬೇಕಾದಷ್ಟು ಆಧಾರವಿದೆ.

ಈ ತಂದೆತಾಯಿಗಳು ನನ್ನ ಮುಂದೆ ಕೂತು ಕೊನೆಗೆ ಕೇಳುವ ಪ್ರಶ್ನೆ ಒಂದೇ: “ನಮ್ಮ ಕಾಲ ಆದ್ಮೇಲೆ ಇವನಿಗೆ ಯಾರು?” ಆ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಅರ್ಧ ಉತ್ತರವಿದೆ. ನಿಮ್ಮ ಕಾಲವನ್ನು ಆದಷ್ಟು ಮುಂದಕ್ಕೆ ಹಾಕಿ. ನಲವತ್ತೈದಕ್ಕೆ ಪಾರ್ಶ್ವವಾಯು ಬಡಿದ ತಾಯಿಯಿಂದ ಇಪ್ಪತ್ತರ ಮಗನನ್ನು ಹಿಡಿಯಲಾಗದು. ಎಪ್ಪತ್ತರಲ್ಲೂ ಗಟ್ಟಿಯಾಗಿ ನಡೆಯುವ ತಾಯಿ ಅವನಿಗೆ ಇನ್ನೂ ಇಪ್ಪತ್ತೈದು ವರ್ಷ ಆಸರೆಯಾಗುತ್ತಾಳೆ. ಹಾಗಾಗಿ ಆ ಅರ್ಧ ಗಂಟೆ ಮಗುವಿನಿಂದ ಕದ್ದ ಸಮಯವಲ್ಲ, ಮಗುವಿಗಾಗಿ ಕೂಡಿಟ್ಟ ಸಮಯ.

ಮುಯ್ಯಾಳು ಮರೆತಿದ್ದೇವೆಯೇ?

ಆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಉತ್ತರ ನಮ್ಮ ಗದ್ದೆಯಲ್ಲೇ ಇದೆ. ಇವತ್ತು ನಿಮ್ಮ ನಾಟಿಗೆ ನಾನು ಬಂದರೆ ನಾಳೆ ನನ್ನ ನಾಟಿಗೆ ನೀವು ಬರುತ್ತೀರಿ. ಹಣದ ಮಾತಿಲ್ಲ, ಲೆಕ್ಕವನ್ನು ಯಾರೂ ಮರೆಯುವುದಿಲ್ಲ. ಇದನ್ನೇ ಮುಯ್ಯಾಳು ಎನ್ನುತ್ತೇವೆ. ಗದ್ದೆಗೆ ಸಲ್ಲುವ ಈ ನ್ಯಾಯ ಮಗುವಿಗೆ ಏಕೆ ಸಲ್ಲಬಾರದು?

ಮೊದಲ ಮುಯ್ಯಾಳು ಗಂಡ. ನಾನು ಹೇಳಿದ ಆ ತಾಯಿಯ ಯಜಮಾನರಿಗೆ ಪೇಟೆಯಲ್ಲಿ ಸಣ್ಣ ಅಂಗಡಿ ಇದೆ. ನಾಲ್ಕನೆಯ ಸಲ ಅವರನ್ನೂ ಕರೆಸಿದೆ. ಗುಳಿಗೆ ಹೆಂಡತಿಗೆ, ನಡಿಗೆಯ ಚೀಟಿ ಗಂಡನ ಹೆಸರಿಗೆ ಬರೆದೆ: ಬೆಳಿಗ್ಗೆ ಆರರಿಂದ ಆರೂವರೆ, ಮಗ ಅಪ್ಪನ ಸುಪರ್ದಿಗೆ. ಹದಿನೈದು ದಿನ ಬಿಟ್ಟು ಬಂದವರು ಹೇಳಿದ್ದು: “ಮೊದಲ್ನೇ ದಿನ ಅರ್ಧ ಗಂಟೇಲಿ ಮೂರು ಸಲ ಗೇಟು ಹತ್ತಿದ ಡಾಕ್ಟ್ರೇ. ಇವ್ಳು ದಿನಪೂರ್ತಿ ಹೆಂಗೆ ನೋಡ್ತಾಳೋ ನನಗೆ ಗೊತ್ತೇ ಇರ್ಲಿಲ್ಲ.” ಆ ಅರಿವು ನನ್ನ ಗುಳಿಗೆಗಿಂತ ದೊಡ್ಡ ಮದ್ದು ಎಂದುಕೊಂಡೆ. ಈಗ ಆಕೆ ವಾರಕ್ಕೆ ನಾಲ್ಕು ದಿನ ನಡೆಯುತ್ತಾರೆ. ಒತ್ತಡ ಹತೋಟಿಯಲ್ಲಿದೆ, ಗುಳಿಗೆಯ ಪ್ರಮಾಣ ಹೆಚ್ಚಿಸಬೇಕಾಗಿ ಬಂದಿಲ್ಲ. ತೂಕ ಎರಡೂವರೆ ಕಿಲೋ ಇಳಿದಿದೆ. ಪವಾಡವೇನೂ ನಡೆದಿಲ್ಲ. ಮಗ ಇನ್ನೂ ಗೇಟು ಹತ್ತುತ್ತಾನೆ. ಆದರೆ ಈಗ ಅವನನ್ನು ಇಳಿಸುವ ಕೈ ನಾಲ್ಕು.

ಎರಡನೆಯ ಮುಯ್ಯಾಳು ಮನೆಯ ಉಳಿದವರು. ಅಜ್ಜ, ಅಜ್ಜಿ, ಚಿಕ್ಕಪ್ಪ, ಅತ್ತೆ ಯಾರಾದರೂ ಸರಿ. ಆದರೆ ಮಗುವಿನ ಅಕ್ಕನ ಮೇಲೆ ದಿನವೂ ಹೊರಿಸಬೇಡಿ. ಅವಳಿಗೂ ಬಾಲ್ಯವಿದೆ.

ಮೂರನೆಯವರು ಇಂಥದೇ ಮಗುವಿನ ಇನ್ನೊಂದು ಮನೆಯವರು. ಒಂದೇ ಊರಿನಲ್ಲಿ ಅಥವಾ ಪಕ್ಕದ ಊರಿನಲ್ಲಿ ಇಂಥ ಎರಡು ಮೂರು ಮನೆ ಇರಬಹುದು, ಒಬ್ಬರಿಗೊಬ್ಬರು ಗೊತ್ತಿರುವುದಿಲ್ಲ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತದೆ. ಅವರು ಈ ಮನೆಗಳನ್ನು ಪರಸ್ಪರ ಪರಿಚಯಿಸಿದರೆ ಸಾಕು, ಅರ್ಧ ಕೆಲಸ ಆದಂತೆ. ಇಂಥ ಮಗುವಿನ ರೀತಿ ತಿಳಿದವರಿಗೆ ಏನನ್ನೂ ವಿವರಿಸಿ ಹೇಳಬೇಕಾಗಿಲ್ಲ, ನಾಚಬೇಕಾಗಿಯೂ ಇಲ್ಲ.

ನಾಲ್ಕನೆಯವರು ನೀವು, ನೆರೆಹೊರೆಯವರು. ಪೂರ್ತಿ ಜವಾಬ್ದಾರಿ ಹೊರಬೇಕಿಲ್ಲ. ಮೊದಲು ಒಂದು ವಾರ ತಾಯಿಯ ಎದುರಿಗೇ ಆ ಮಗುವಿನೊಂದಿಗೆ ಹತ್ತು ನಿಮಿಷ ಕೂತುಕೊಳ್ಳಿ. ಅದಕ್ಕೆ ಏನು ಇಷ್ಟ, ಯಾವುದಕ್ಕೆ ಹೆದರುತ್ತದೆ, ಯಾವ ಬಾಗಿಲಿಗೆ ಓಡುತ್ತದೆ ಎಂದು ತಿಳಿದುಕೊಳ್ಳಿ. ಆಮೇಲೆ “ಅಕ್ಕಾ, ನೀವು ಒಂದು ಸುತ್ತು ಹೋಗಿ ಬನ್ನಿ, ನಾನಿರ್ತೀನಿ” ಎನ್ನಿ. ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಸಾಲ ಮರುಪಾವತಿಯ ಲೆಕ್ಕದ ಜೊತೆಗೆ ಈ ಲೆಕ್ಕವನ್ನೂ ಒಂದು ನಿಮಿಷ ನೋಡಬಹುದು.

ನಡೆಯುವವರಿಗೆ ಕೆಲವು ಮಾತು

1. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕು ಎಂಬ ಹಳೆಯ ನಿಯಮವನ್ನು ಆಗಲೇ ಕೈಬಿಟ್ಟಿದೆ. ನಿಮಗೆ ಇದು ಶುಭವಾರ್ತೆ. ಮಗು ಶಾಲೆಯಲ್ಲಿದ್ದಾಗ ಏಳು ನಿಮಿಷ, ಸಂಜೆ ಐದು ನಿಮಿಷ, ಎಲ್ಲವೂ ಸೇರಿ ಲೆಕ್ಕವೇ.

2. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಮೊದಲ ವಾರ ಹತ್ತು ನಿಮಿಷ ಸಾಕು.

3. ವಾರಕ್ಕೆ ಎರಡು ದಿನ ಸ್ನಾಯು ಬಲಕ್ಕೆ: ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡೆ ಹೊಡೆಯುವುದು. ಬೆಳೆದ ಮಗುವನ್ನು ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ ಎತ್ತಿ.

4. ನಮ್ಮ ಮಳೆಗಾಲದಲ್ಲಿ ನಡಿಗೆ ತಪ್ಪುತ್ತದೆ. ಆಗ ಜಗಲಿಯಲ್ಲೇ ತಿರುಗಿ, ಮೆಟ್ಟಿಲು ಹತ್ತಿ ಇಳಿಯಿರಿ, ನಿಂತಲ್ಲೇ ಕಾಲು ಎತ್ತಿ ಹಾಕಿ.

5. ಮಗುವನ್ನೂ ಕರೆದೊಯ್ಯಬಹುದು. ನಿತ್ಯ ಒಂದೇ ಹೊತ್ತು, ಒಂದೇ ದಾರಿ ಎಂದರೆ ಇಂಥ ಮಕ್ಕಳಿಗೆ ಹಿತ. ದೇಹಶ್ರಮದ ನಂತರ ಕೈ ಬಡಿಯುವುದು, ತೂಗಾಡುವುದು ಸ್ವಲ್ಪ ಹೊತ್ತು ಕಡಿಮೆಯಾಗುವುದನ್ನೂ ಕಂಡಿದ್ದಾರೆ. ಕೆರೆ ಏರಿಯ ದಾರಿ ಬೇಡ. ಸುತ್ತ ಗೋಡೆಯಿರುವ ಶಾಲೆಯ ಮೈದಾನ ಒಳ್ಳೆಯದು. ಮಗುವಿನ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಲಿ. ಆದರೆ ಮಗುವಿನ ಕೈ ಹಿಡಿದ ನಡಿಗೆಯಲ್ಲೂ ಕಾವಲು ತಪ್ಪುವುದಿಲ್ಲ. ವಾರಕ್ಕೆ ಎರಡು ದಿನವಾದರೂ ಕೈ ಬೀಸಿ ಒಬ್ಬರೇ ನಡೆಯಿರಿ.

6. ಮೊದಲು ರಕ್ತದ ಒತ್ತಡ, ಸಕ್ಕರೆ ನೋಡಿಸಿಕೊಳ್ಳಿ. ನಡೆಯುವಾಗ ಎದೆ ಹಿಂಡಿದಂತಾದರೆ, ತಲೆ ಸುತ್ತಿದರೆ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಯಾವುದರಲ್ಲೂ ಮನಸ್ಸಿಲ್ಲ, ಕಾರಣವಿಲ್ಲದೆ ಅಳು, ಬದುಕೇ ಬೇಡ ಎನ್ನಿಸುವುದು, ಇವು ಇದ್ದರೆ ನಡಿಗೆಯೊಂದೇ ಸಾಲದು. 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಆರಂಭವಾದ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ.

ಪಂಚಾಯಿತಿಗೂ ವೈದ್ಯರಿಗೂ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದು. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಇವೆಲ್ಲ ಮಗುವಿಗೆ. ಮಗುವನ್ನು ಹಿಡಿದುಕೊಂಡ ಕೈಗೆ ಏನಿದೆ? ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ತೆಗೆದಿಡಬೇಕಾದ ನೂರಕ್ಕೆ ಐದರ ಹಣ ಎಷ್ಟೋ ಕಡೆ ಗಾಲಿಕುರ್ಚಿಗೂ ಸಮಾರಂಭಕ್ಕೂ ಮುಗಿಯುತ್ತದೆ. ಅದರಲ್ಲಿ ಒಂದು ಪಾಲನ್ನು ಶಾಲೆಯ ಮೈದಾನಕ್ಕೆ ಗೇಟು, ಎರಡು ಉಯ್ಯಾಲೆ, ವಾರಕ್ಕೆ ಎರಡು ಸಂಜೆ ಮಕ್ಕಳನ್ನು ನೋಡಿಕೊಳ್ಳಲು ತರಬೇತಿ ಪಡೆದ ಒಬ್ಬರಿಗೆ ಗೌರವಧನ ಎಂದು ಇಟ್ಟರೆ ಏನು ತಪ್ಪು? ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ನಿಂತು ಕೇಳಬಹುದು.

ನನ್ನ ವೃತ್ತಿಬಾಂಧವರಿಗೂ ಒಂದು ಮಾತು. “ನಡೆಯಿರಿ” ಎಂದು ಬರೆಯುವ ಮುನ್ನ “ಮನೆಯಲ್ಲಿ ಯಾರಿದ್ದಾರೆ?” ಎಂದು ಕೇಳೋಣ. ನಾನು ಮೂರು ಸಲ ಕೇಳದೆ ಹೋದೆ, ಮೇಲೆ ಗದರಿದೆ. ಆಲಸ್ಯ ಎಂದು ನಾನು ತಿಳಿದದ್ದು ಆಲಸ್ಯವಾಗಿರಲಿಲ್ಲ.

ಉಡುತಡಿಯಿಂದ ಶ್ರೀಶೈಲದವರೆಗೆ ಅಕ್ಕಮಹಾದೇವಿ ನಡೆದುಹೋದ ಕಥೆ ಹೇಳಿಕೊಂಡು ಹೆಮ್ಮೆಪಡುವ ತಾಲ್ಲೂಕು ನಮ್ಮದು. ಅದೇ ನೆಲದ ತಾಯಿಯೊಬ್ಬಳಿಗೆ ತನ್ನ ಬೀದಿಯ ತುದಿಯವರೆಗೆ ನಿಶ್ಚಿಂತೆಯಿಂದ ನಡೆದು ಬರಲು ಆಗದಿದ್ದರೆ ಆ ಹೆಮ್ಮೆಗೆ ಅರ್ಥವಿಲ್ಲ. ನಿಮ್ಮ ಬೀದಿಯಲ್ಲೂ ಅಂಥ ಒಂದು ಮನೆ ಇರಬಹುದು. ನಾಳೆ ಸಂಜೆ ಒಮ್ಮೆ ಹೋಗಿ ಮಾತಾಡಿಸಿ ಬನ್ನಿ.